ಜಗಲಿಯೂ ಇರಲಿ, ಚಿಲಕವೂ ಇರಲಿ

ಈಗ ಊರಲ್ಲಿ ಯಾರೇ ಹೊಸ ಮನೆ ಕಟ್ಟಲಿ, ಮೊದಲು ಕಾಣೆಯಾಗುವುದು ಜಗಲಿ. ಆ ಜಾಗಕ್ಕೆ ಗ್ರಿಲ್, ಆಳೆತ್ತರದ ಕಾಂಪೌಂಡ್ ಬರುತ್ತದೆ. ಒಳಗೆ ಹಗಲಲ್ಲೂ ಲೈಟ್ ಬೇಕು. ಬೇಸಿಗೆಯಲ್ಲಿ ಆರ್‌ಸಿಸಿ ಕೆಳಗೆ ಮಲಗುವವರ ಪಾಡು ಗೊತ್ತೇ ಇದೆ.

ಹಾಗಂತ ಹಳೆ ತೊಟ್ಟಿಮನೆಯೇ ಚಂದ ಎನ್ನುವವರು ನಾವಲ್ಲ. ಗಾಳಿ, ಬೆಳಕು, ಮಳೆ ಎಲ್ಲ ನಡುಮನೆಗೇ ಬರುತ್ತಿದ್ದವು, ನಿಜ. ಆದರೆ ಸೊಸೆ ಸೀರೆ ಬದಲಿಸಲು ಮರೆ ಹುಡುಕಬೇಕಿತ್ತು. ಜಗಲಿ ಗಂಡಸರದ್ದು, ಹೊಗೆ ಹೆಂಗಸರದ್ದು.

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ಅಷ್ಟರಲ್ಲೂ ಎರಡನ್ನೂ ಹೊಂದಿಸಬಹುದು ಅಂತೀವಿ ನಾವು. ಚಿಕ್ಕದಾದರೂ ಸರಿ, ಒಳಚಿಲಕ ಇರುವ ಒಂದು ಕೋಣೆ ಬೇಕೇ ಬೇಕು. ಓದುವ ಹುಡುಗಿಗೂ ಅದೇ ಜಾಗ. ಬೀದಿ ಕಡೆ ಗೋಡೆಯಲ್ಲಿ ನಡುನಡುವೆ ಇಟ್ಟಿಗೆ ಬಿಟ್ಟು ಜಾಲಿ ಕಟ್ಟಿಸಿ. ಹಗಲಲ್ಲಿ ಒಳಗಿನವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗಿನದು ಅಷ್ಟಾಗಿ ಕಾಣದು. (ರಾತ್ರಿ ಲೈಟ್ ಹಾಕಿದರೆ ಉಲ್ಟಾ, ಪರದೆ ಇಳಿಸಿ.) ಕೇರಳದಲ್ಲಿ ಲಾರಿ ಬೇಕರ್ ಕಟ್ಟಿದ ಮನೆಗಳಲ್ಲಿ ಇಂಥ ಜಾಲಿಗಳೇ ಎಷ್ಟೋ ಕಡೆ ಕಿಟಕಿಯ ಕೆಲಸ ಮಾಡುತ್ತವೆ.

ಗೋಡೆಗೆ ಮಣ್ಣಿನ ಒತ್ತಿಟ್ಟಿಗೆ ಆಗುತ್ತದೆ. ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುವುದು, ಸುಡಲು ಸೌದೆ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ಹಳ್ಳಿ ಮನೆಗಳಿಗೆಂದೇ ಇದರ ಮೇಲೆ ಕೆಲಸ ಮಾಡಿತು. ನಮ್ಮ ಮೇಸ್ತ್ರಿಗಳು ಮಾತ್ರ ಇನ್ನೂ ಮೂಗು ಮುರಿಯುತ್ತಾರೆ.

ಕಾಂಪೌಂಡಿಗೆ ಎತ್ತಿಟ್ಟ ದುಡ್ಡಲ್ಲಿ ಮೂರಡಿ ಜಗಲಿ ಹಾಕಿಸಿ, ಅದರ ಮೇಲೆ ಸೂರು ಚಾಚಿಸಿ. ಸುಣ್ಣದಲ್ಲಿ ಗುರುತು ಹಾಕುವ ದಿನ ಮನೆಯ ಹೆಂಗಸರನ್ನೂ ನಿಲ್ಲಿಸಿಕೊಂಡು, ಬಾಗಿಲು ಎಲ್ಲಿ, ಬಚ್ಚಲು ಎಲ್ಲಿ ಅಂತ ಕೇಳಿ. ಪಾಯ ತೋಡಿದ ಮೇಲೆ ಕೇಳಿ ಏನು ಬಂತು?