ಮನೆ ತೋರಿಸುವ ಮುನ್ನವೇ ಕಮಿಷನ್ ಮಾತಾಗಲಿ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಸ್ವಂತ ಮನೆಗಳು ಒಂದೊಂದಾಗಿ ಕೈ ಬದಲಾಯಿಸುತ್ತಿವೆ. ಒಂದು ಮನೆಯ ಮಕ್ಕಳು ಹೊರದೇಶದಲ್ಲಿ ನೆಲೆಸಿದ್ದಾರೆ, ಇನ್ನೊಂದರಲ್ಲಿ ಅಣ್ಣತಮ್ಮಂದಿರ ಪಾಲಿನ ಪ್ರಶ್ನೆ, ಮತ್ತೊಂದರಲ್ಲಿ ಮೆಟ್ಟಿಲು ಹತ್ತಲಾಗದ ಹಿರಿಯರು. ಇವರಲ್ಲಿ ಹೆಚ್ಚಿನವರಿಗೆ ಇದು ಜೀವನದ ಒಂದೇ ಒಂದು ಮನೆ ಮಾರಾಟ. ಎದುರು ಕೂತ ಬ್ರೋಕರ್‌ಗೆ ಅದು ದಿನನಿತ್ಯದ ಕಸುಬು. ಈ ಅಸಮ ವ್ಯವಹಾರದಲ್ಲಿ ಬೆಳೆಯುತ್ತಿರುವ ಕೆಲವು ರೂಢಿಗಳನ್ನು ಈಗಲೇ ತಡೆಯದಿದ್ದರೆ ಮುಂದೆ ಅವೇ ನಿಯಮಗಳಾಗಿ ಕೂರುತ್ತವೆ.

ಮೊದಲನೆಯದು, ‘ಎರಡು ಪರ್ಸೆಂಟ್’ ಎಂಬ ಮಾತು. ‘ಎಲ್ಲರೂ ಕೊಡೋದೇ ಅಷ್ಟು ಸಾರ್’ ಎಂದರೆ ಮಾರುವವರು ಸುಮ್ಮನಾಗುತ್ತಾರೆ. ಮನೆ ಮಾರಾಟಕ್ಕೆ ಇಷ್ಟೇ ಕಮಿಷನ್ ಕೊಡಬೇಕೆಂದು ಯಾವ ಕಾನೂನೂ ಹೇಳಿಲ್ಲ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯೂ ದರ ಗೊತ್ತುಮಾಡಿಲ್ಲ. ಅದು ಕೇವಲ ರೂಢಿ, ಮಾತಾಡಿ ಇಳಿಸಬಹುದಾದದ್ದು. 90 ಲಕ್ಷದ ಮನೆಗೆ ಎರಡು ಪರ್ಸೆಂಟ್ ಎಂದರೆ 1.80 ಲಕ್ಷ ರೂಪಾಯಿ. ಏಜೆಂಟ್ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ 18% ಸೇರಿ 2.12 ಲಕ್ಷ ದಾಟುತ್ತದೆ. ಅದೇ ಏಜೆಂಟ್ ಕೊಳ್ಳುವವರಿಂದಲೂ ಕಮಿಷನ್ ಪಡೆಯುತ್ತಿದ್ದರೆ, ಆತ ಯಾರ ಪರ ಮಾತಾಡುತ್ತಾನೆ ಎಂದು ಕೇಳುವ ಹಕ್ಕು ಮಾರುವವರಿಗಿದೆ.

ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. ಬೆಲೆ ಐದು ಲಕ್ಷ ಇಳಿದರೆ ಮನೆಯ ಯಜಮಾನರಿಗೆ ಐದು ಲಕ್ಷವೇ ನಷ್ಟ. ಎರಡು ಪರ್ಸೆಂಟ್ ಪಡೆಯುವ ಬ್ರೋಕರ್‌ಗೆ ಹತ್ತು ಸಾವಿರ ಮಾತ್ರ. ಹಾಗಾಗಿ ‘ಪಾರ್ಟಿ ಗಟ್ಟಿ ಇದೆ, ಒಪ್ಪಿಬಿಡಿ’ ಎಂದು ಅವಸರ ಮಾಡುವುದರಲ್ಲಿ ಅವರಿಗೆ ಕಳೆದುಕೊಳ್ಳುವುದು ಕಡಿಮೆ. ಇದರ ಜೊತೆಗೆ, 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ 1%ರಿಂದ 2%ಕ್ಕೆ ಏರಿದೆ. 90 ಲಕ್ಷದ ಮನೆ ಕೊಳ್ಳುವವರಿಗೆ ಇದು 90 ಸಾವಿರದ ಹೆಚ್ಚುವರಿ ಹೊರೆ. ಅದನ್ನು ಅವರು ಚೌಕಾಸಿಯಲ್ಲಿ ಮಾರುವವರ ಕಡೆಗೆ ತಳ್ಳಲು ನೋಡುವುದು ಸಹಜ. ಆ ಹೊತ್ತಿನಲ್ಲಿ ನಮ್ಮ ಪರ ಗಟ್ಟಿಯಾಗಿ ನಿಲ್ಲುವವರು ಬೇಕು. ಆದ್ದರಿಂದ ಒಂದು ಬೆಲೆಯವರೆಗೆ 1%, ಅದಕ್ಕಿಂತ ಮೇಲೆ ಬಂದ ಮೊತ್ತಕ್ಕೆ ಮಾತ್ರ ಹೆಚ್ಚು ಪಾಲು ಎಂದು ಒಪ್ಪಂದ ಮಾಡಿಕೊಳ್ಳುವುದು ಇಬ್ಬರಿಗೂ ನ್ಯಾಯ.

ಎರಡನೆಯ ರೂಢಿ ಇನ್ನೂ ಅಪಾಯಕಾರಿ. ‘ನಿಮ್ಮ ಕೈಗೆ ಎಷ್ಟು ಬೇಕು ಹೇಳಿ, ಮೇಲೆ ಬಂದದ್ದು ನಮಗೆ’ ಎಂಬ ಮಾತಿಗೆ ತಲೆಯಾಡಿಸಿದರೆ ಮನೆಯ ನಿಜ ಬೆಲೆ ಯಜಮಾನರಿಗೇ ತಿಳಿಯುವುದಿಲ್ಲ. ಕ್ರಯಪತ್ರದಲ್ಲಿ ಪೂರ್ತಿ ಬೆಲೆ ಬರೆದರೆ ತೆರಿಗೆಯ ಲೆಕ್ಕ ಮಾರಿದವರ ತಲೆಗೆ ಬರುತ್ತದೆ. ಕಡಿಮೆ ಬರೆದು ಉಳಿದದ್ದನ್ನು ನಗದಾಗಿ ಮುಟ್ಟಿಸಿದರೆ ಅದು ಕಪ್ಪುಹಣ. ಸ್ಥಿರಾಸ್ತಿ ಮಾರಾಟದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಈ ಕರಾರಿಗೆ ಯಾರೂ ಒಪ್ಪಬಾರದು.

ರೇರಾ ಇದೆಯಲ್ಲ ಎಂದು ನಂಬಿ ಕೂರುವಂತೆಯೂ ಇಲ್ಲ. 2016ರ ಆ ಕಾಯ್ದೆಯ 9ನೇ ಕಲಂ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿರುವುದು, ನೋಂದಾಯಿತ ಯೋಜನೆಗಳಲ್ಲಿ ಬಿಲ್ಡರ್ ಮಾರುವ ನಿವೇಶನ, ಫ್ಲಾಟ್, ಕಟ್ಟಡಗಳ ವ್ಯವಹಾರಕ್ಕೆ. ವಿಜಯನಗರದಲ್ಲೋ ಕುವೆಂಪುನಗರದಲ್ಲೋ ಇರುವ ತಮ್ಮ ಹಳೆಯ ಮನೆಯನ್ನು ಮಾರುವ ನಿವೃತ್ತ ಶಿಕ್ಷಕರಿಗೆ ಆ ರಕ್ಷಣೆ ತಲುಪುವುದಿಲ್ಲ.

ಅವರ ನೆರವಿಗಿರುವುದು 1872ರ ಕರಾರು ಕಾಯ್ದೆ. ಬೇರೆ ಒಪ್ಪಂದ ಇಲ್ಲದಿದ್ದರೆ, ವಹಿಸಿದ ಕೆಲಸ ಮುಗಿಯುವವರೆಗೆ ಏಜೆಂಟನ ಪ್ರತಿಫಲ ಬಾಕಿಯಾಗುವುದಿಲ್ಲ ಎನ್ನುತ್ತದೆ ಅದರ 219ನೇ ಕಲಂ. ಕೆಲಸದಲ್ಲಿ ದುರ್ನಡತೆ ತೋರಿದರೆ ಆ ಭಾಗದ ಪ್ರತಿಫಲಕ್ಕೆ ಹಕ್ಕಿಲ್ಲ ಎನ್ನುತ್ತದೆ 220ನೇ ಕಲಂ. ಆದರೆ ಬಾಯಿಮಾತಿನಲ್ಲಿ ನಡೆದ ವ್ಯವಹಾರವನ್ನು ಸಾಬೀತು ಮಾಡುವುದು ಬಹಳ ಕಷ್ಟ. ‘ಆಮೇಲೆ ನೋಡಿಕೊಳ್ಳೋಣ’ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬಿಟ್ಟ ಮಾತೇ ಅಗ್ರಿಮೆಂಟ್ ದಿನ ಜಗಳವಾಗುತ್ತದೆ.

ಆದ್ದರಿಂದ ಮೊದಲ ಪಾರ್ಟಿಗೆ ಮನೆ ತೋರಿಸುವ ಮುನ್ನವೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಕಮಿಷನ್ ಎಷ್ಟು, ಜಿಎಸ್‌ಟಿ ಸೇರಿದೆಯೇ, ಇಸಿ (ಋಣಭಾರ ಪ್ರಮಾಣಪತ್ರ) ಮತ್ತು ಇ-ಖಾತೆ ಓಡಾಟದ ಖರ್ಚು ಯಾರದು, ಕೊಳ್ಳುವವರಿಂದಲೂ ಪಡೆಯುತ್ತೀರಾ, ಒಪ್ಪಂದ ಎಷ್ಟು ತಿಂಗಳಿಗೆ, ನಾವೇ ಹುಡುಕಿದ ನೆಂಟರಿಗೆ ಮಾರಿದರೂ ಕೊಡಬೇಕೇ ಎಂಬುದೆಲ್ಲ ಅದರಲ್ಲಿರಲಿ. ನೋಂದಣಿ ಮುಗಿದು ಪೂರ್ತಿ ಹಣ ಬ್ಯಾಂಕಿಗೆ ಬಂದ ಮೇಲೆಯೇ ಕಮಿಷನ್ ಎಂಬ ಸಾಲು ತಪ್ಪದಿರಲಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಟ್ಟು ರಸೀದಿ ಪಡೆಯಿರಿ. ಮಾರಾಟದ ಲಾಭಕ್ಕೆ ತೆರಿಗೆ ಲೆಕ್ಕ ಹಾಕುವಾಗ ಈ ಖರ್ಚನ್ನು ಕಳೆಯಲು ಅವಕಾಶವಿದೆ. ಹೊರದೇಶದಲ್ಲಿರುವ ಕನ್ನಡಿಗರು ಎಷ್ಟೇ ಅವಸರವಿದ್ದರೂ ಬ್ರೋಕರ್ ಹೆಸರಿಗೆ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಬರೆದುಕೊಡಬಾರದು.

ಇದು ಬ್ರೋಕರ್‌ಗಳ ಮೇಲಿನ ದ್ವೇಷದ ಮಾತಲ್ಲ. ನಿಜವಾದ ಕೊಳ್ಳುವವರನ್ನು ಕರೆತಂದು, ಬ್ಯಾಂಕ್ ಸಾಲದ ಕಾಗದದಿಂದ ಸಬ್‌ರಿಜಿಸ್ಟ್ರಾರ್ ಕಚೇರಿಯವರೆಗೆ ಜೊತೆಗೆ ನಿಲ್ಲುವವರು ಬೇಕಾದಷ್ಟಿದ್ದಾರೆ. ಅವರ ದುಡಿಮೆಗೆ ತಕ್ಕ ಹಣ ಸಲ್ಲಲೇಬೇಕು. ಬರಹದ ಒಪ್ಪಂದ ಅವರನ್ನೂ ಕಾಯುತ್ತದೆ: ಪಾರ್ಟಿಯನ್ನು ತೋರಿಸಿದ ಮೇಲೆ ಹಿಂಬಾಗಿಲಿನಿಂದ ವ್ಯವಹಾರ ಮುಗಿಸುವ ಮಾಲೀಕರೂ ಇದ್ದಾರೆ.

ಸರ್ಕಾರಕ್ಕೂ ಇಲ್ಲಿ ಕೆಲಸವಿದೆ. ರೇರಾ ಏಜೆಂಟರಿಗೆ ಮಹಾರಾಷ್ಟ್ರ 2023ರಲ್ಲೇ ತರಬೇತಿ ಮತ್ತು ಪರೀಕ್ಷೆಯನ್ನು ತಂದಿದೆ. ಕರ್ನಾಟಕ ಇನ್ನೊಂದು ಹೆಜ್ಜೆ ಮುಂದಿಟ್ಟು, ಹಳೆಯ ಮನೆಗಳ ಮರುಮಾರಾಟ ಮಾಡಿಸುವವರಿಗೂ ನೋಂದಣಿ ತರಬೇಕು. ಕನ್ನಡದಲ್ಲಿ ಒಂದು ಪುಟದ ಮಾದರಿ ಒಪ್ಪಂದವನ್ನು ಪ್ರಕಟಿಸಬೇಕು. ಅಲ್ಲಿಯವರೆಗೆ ಮನೆ ಮಾರುವವರು ಸಂಕೋಚ ಬಿಟ್ಟು ದರ ಕೇಳಲಿ, ಚೌಕಾಸಿ ಮಾಡಲಿ, ಬರೆಸಿಕೊಳ್ಳಲಿ. ಬರೆದುಕೊಡಲು ಒಪ್ಪದ ಬ್ರೋಕರ್ ಕೈಗೆ ಮನೆಯ ಕೀಲಿ ಕೊಡಬೇಡಿ.