‘ಇಲ್ಲ’ವೋ, ‘ಕಾಣಲಿಲ್ಲ’ವೋ?

ಸರ್ಕಾರದ ದಾಖಲೆಗಳು ಕಪಾಟಿನಿಂದ ಕಂಪ್ಯೂಟರಿಗೆ ಬಂದ ಮೇಲೆ ನಾಗರಿಕರಿಗೆ ದೊರೆತ ಅನುಕೂಲಗಳನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಬದಲಾವಣೆಯ ಒಂದು ಮುಖ ಸಾರ್ವಜನಿಕ ಚರ್ಚೆಗೆ ಬಂದದ್ದೇ ಅಪರೂಪ. ಜಾಲತಾಣದಲ್ಲಿ ಒಂದು ಹೆಸರನ್ನು ಹುಡುಕಿದಾಗ, ಹೊಂದುವ ದಾಖಲೆಗಳು ಸಾವಿರವಿದ್ದರೂ ಒಮ್ಮೆಗೆ ಕಾಣುವುದು ಹತ್ತೋ ಇಪ್ಪತ್ತೋ. ಉಳಿದವುಗಳಿಗಾಗಿ ‘ಮುಂದಿನ ಪುಟ’ವನ್ನು ಒತ್ತುತ್ತ ಹೋಗಬೇಕು. ಇದು ತಂತ್ರಜ್ಞರು ನೋಡಿಕೊಳ್ಳಬೇಕಾದ ಸಣ್ಣ ಸಂಗತಿ ಎಂದು ನಾವು ಭಾವಿಸಿದ್ದೇವೆ. ಇದು ನಾಗರಿಕ ಹಕ್ಕಿನ ಪ್ರಶ್ನೆಯೂ ಹೌದೆಂಬುದು ನನ್ನ ವಾದ.

ಇ-ಖಾತೆಯ ಉದಾಹರಣೆಯನ್ನೇ ನೋಡೋಣ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಆಸ್ತಿ ನೋಂದಣಿಗೆ ಅದು ಕಡ್ಡಾಯವಾದಾಗ, ಆಗಿನ ಬಿಬಿಎಂಪಿಯು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಆಸ್ತಿಗಳ ಕರಡು ಖಾತೆಗಳನ್ನು ಜಾಲತಾಣದಲ್ಲಿ ಪ್ರಕಟಿಸಿತು. ಮಾಲೀಕರು ವಾರ್ಡುವಾರು ಪಟ್ಟಿಯಲ್ಲಿ ತಮ್ಮ ಹೆಸರನ್ನು ಹುಡುಕಿಕೊಳ್ಳಬೇಕಾಯಿತು. ನಾನು ವಾಸವಿರುವ ಬಸವನಗುಡಿಯು 1898ರ ಪ್ಲೇಗಿನ ಆಸುಪಾಸಿನಲ್ಲಿ ರೂಪುಗೊಂಡ ಬಡಾವಣೆ. ಇಂಥ ಹಳೆಯ ಬಡಾವಣೆಗಳಲ್ಲಿ ಖಾತೆ ಇನ್ನೂ ತಾತನ ಹೆಸರಿನಲ್ಲೇ ಉಳಿದಿರುವುದು ಹೊಸತಲ್ಲ. ಅಂಥ ಮನೆಯ ಹಿರಿಯರೊಬ್ಬರು ಯಾವುದೋ ಪಟ್ಟಿಯಲ್ಲಿ ‘ನಾಗರಾಜ’ ಎಂದು ಹುಡುಕಿ, ನಾಲ್ಕಾರು ಪುಟ ತಿರುವಿ, ‘ನಮ್ಮದು ಇಲ್ಲ’ವೆಂದು ಎದ್ದುಬಿಟ್ಟರೆಂದು ಭಾವಿಸೋಣ. ದಾಖಲೆ ನಿಜಕ್ಕೂ ಇಲ್ಲವೋ ಅಥವಾ ಕಾಣಲಿಲ್ಲವೋ? ಮೊದಲನೆಯದಾದರೆ ಅವರು ಅರ್ಜಿ ಸಲ್ಲಿಸಬೇಕು; ಎರಡನೆಯದಾದರೆ ಹುಡುಕಾಟ ಮುಂದುವರಿಸಬೇಕು. ಎರಡರ ವ್ಯತ್ಯಾಸ ತಿಳಿಯದಿದ್ದರೆ ಅನಗತ್ಯ ಅಲೆದಾಟ ಶುರುವಾಗುತ್ತದೆ, ಮಧ್ಯವರ್ತಿಗೆ ಬಾಗಿಲು ತೆರೆಯುತ್ತದೆ.

ಫಲಿತಾಂಶಗಳನ್ನು ಪುಟಗಳಾಗಿ ಒಡೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಲಕ್ಷಾಂತರ ದಾಖಲೆಗಳನ್ನು ಒಮ್ಮೆಲೇ ಕಳುಹಿಸಿದರೆ ಸರ್ವರ್ ಕುಸಿಯುತ್ತದೆ, ಮೊಬೈಲ್ ಫೋನ್ ಸ್ತಬ್ಧವಾಗುತ್ತದೆ. ಊರಿನವರೆಲ್ಲರ ಹೆಸರು, ವಿಳಾಸಗಳು ಒಂದೇ ಏಟಿಗೆ ಯಾರದೋ ಕೈಸೇರುವುದೂ ಕ್ಷೇಮವಲ್ಲ. ಪ್ರಶ್ನೆಯಿರುವುದು ಒಡೆಯುವ ಕ್ರಮದಲ್ಲಿ.

ಹೆಚ್ಚು ಬಳಕೆಯಲ್ಲಿರುವ ವಿಧಾನ ಸರಳವಾದುದು. ಮೂರನೆಯ ಪುಟ ಬೇಕೆಂದರೆ ‘ಮೊದಲ ನಲವತ್ತನ್ನು ಬಿಟ್ಟು ಮುಂದಿನ ಇಪ್ಪತ್ತನ್ನು ಕೊಡು’ ಎಂದು ಡೇಟಾಬೇಸಿಗೆ ಆದೇಶ ಹೋಗುತ್ತದೆ. ಬಿಡಬೇಕಾದ ದಾಖಲೆಗಳನ್ನೂ ಅದು ಪ್ರತಿ ಬಾರಿ ಎಣಿಸಿಯೇ ದಾಟಬೇಕಾದ್ದರಿಂದ, ಒಳಪುಟಗಳಿಗೆ ಹೋದಷ್ಟೂ ನಿಧಾನ. ಇದಕ್ಕಿಂತ ಗಂಭೀರ ದೋಷ ಇನ್ನೊಂದಿದೆ. ನಾವು ಮೊದಲ ಪುಟ ಓದುತ್ತಿರುವಾಗ ಅದರಲ್ಲಿದ್ದ ಒಂದು ದಾಖಲೆ ರದ್ದಾಯಿತೆನ್ನಿ. ಆಗ ಇಪ್ಪತ್ತೊಂದನೆಯದು ಇಪ್ಪತ್ತನೆಯದಾಗಿ ಹಿಂದಿನ ಪುಟಕ್ಕೆ ಸರಿಯುತ್ತದೆ. ಎರಡನೆಯ ಪುಟ ತೆರೆದವರಿಗೆ ಅದು ಎಲ್ಲಿಯೂ ಕಾಣುವುದಿಲ್ಲ.

ಕ್ರಮವೇ ಖಚಿತವಿಲ್ಲದಿದ್ದರೆ ಸಮಸ್ಯೆ ಇಮ್ಮಡಿಸುತ್ತದೆ. ಹೆಸರಿನ ಪ್ರಕಾರ ಮಾತ್ರ ಜೋಡಿಸಿದ ಪಟ್ಟಿಯಲ್ಲಿ ಐವತ್ತು ಮಂದಿ ನಾಗರಾಜರಿದ್ದರೆ, ಅವರೊಳಗೆ ಯಾರು ಮೊದಲೆಂಬುದಕ್ಕೆ ನಿಯಮವಿರುವುದಿಲ್ಲ. ಒಬ್ಬರು ಎರಡು ಪುಟಗಳಲ್ಲೂ ಕಾಣಿಸಿ, ಮತ್ತೊಬ್ಬರು ಯಾವ ಪುಟದಲ್ಲೂ ಕಾಣದೆ ಹೋಗಬಹುದು. ಕನ್ನಡಕ್ಕೆ ಇನ್ನೊಂದು ತೊಡಕಿದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ಕಾರ ಕೊನೆಯಲ್ಲಿದೆ, ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ ಅದು ‘ವ’ಕಾರಕ್ಕಿಂತ ಮೊದಲಿದೆ. ಸಂಕೇತದ ಕ್ರಮವನ್ನೇ ನೆಚ್ಚಿದ ತಂತ್ರಾಂಶದಲ್ಲಿ ‘ಕಾಳಮ್ಮ’ ಮೊದಲು, ‘ಕಾವೇರಿ’ ಅನಂತರ. ನಿಘಂಟಿನ ಕ್ರಮ ಬಲ್ಲ ಓದುಗರು ಕಾಳಮ್ಮನನ್ನು ಕಾವೇರಿಯ ನಂತರದ ಪುಟಗಳಲ್ಲಿ ಹುಡುಕಿ ಬರಿಗೈಯಲ್ಲಿ ಹಿಂತಿರುಗಬೇಕಾಗುತ್ತದೆ.

ಪರಿಹಾರ ನಮ್ಮ ಅಂಗಡಿಗಳ ಲೆಕ್ಕದ ಪುಸ್ತಕಗಳಷ್ಟೇ ಹಳೆಯದು. ಪುಟದ ಕೊನೆಯ ಮೊತ್ತವನ್ನು ಮುಂದಿನ ಪುಟದ ತಲೆಯಲ್ಲಿ ಬರೆದುಕೊಂಡೇ ಲೆಕ್ಕ ಮುಂದುವರಿಯುತ್ತಿತ್ತು. ಡೇಟಾಬೇಸಿನಲ್ಲೂ ಹಾಗೆಯೇ ಮಾಡಬಹುದು. ‘ನಲವತ್ತನ್ನು ಬಿಡು’ ಎನ್ನುವ ಬದಲು ‘ಕೊನೆಯದಾಗಿ ತೋರಿಸಿದ ಈ ಹೆಸರು, ಈ ಸಂಖ್ಯೆಯ ನಂತರದವನ್ನು ಕೊಡು’ ಎನ್ನಬೇಕು. ಪ್ರತಿ ದಾಖಲೆಗೂ ಬದಲಾಗದ ಒಂದು ಸಂಖ್ಯೆಯಿದ್ದರೆ ಹಿಂದಿನ ಪುಟದಲ್ಲಿ ಏನೇ ಅಳಿದರೂ ಮುಂದಿನದು ತಪ್ಪಿಹೋಗದು. ನೇರವಾಗಿ ಐವತ್ತನೆಯ ಪುಟಕ್ಕೆ ಜಿಗಿಯುವ ಸೌಲಭ್ಯ ಇದರಲ್ಲಿ ಸುಲಭವಲ್ಲ, ನಿಜ. ಆದರೆ ನಾಗರಿಕರಿಗೆ ಬೇಕಿರುವುದು ತಮ್ಮ ದಾಖಲೆ; ಐವತ್ತನೆಯ ಪುಟವಲ್ಲ.

ನಿರ್ದಿಷ್ಟ ಸಂಖ್ಯೆಯಿಂದ ಹುಡುಕುವ ದಾರಿ ಇದಕ್ಕಿಂತಲೂ ಉತ್ತಮ. 2000ದ ದಶಕದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದ ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ರೈತರು ಸರ್ವೆ ನಂಬರು, ಹಿಸ್ಸಾ ನಂಬರು ಕೊಟ್ಟು ತಮ್ಮ ಪಹಣಿಯನ್ನು ಪಡೆಯಬಹುದು. ಬಿಹಾರದ ಕರಡು ಮತದಾರರ ಪಟ್ಟಿಯಿಂದ ಕೈಬಿಟ್ಟ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಬೇಕು, ಮತದಾರರ ಗುರುತಿನ ಚೀಟಿಯ ಸಂಖ್ಯೆಯಿಂದ ಅವನ್ನು ಹುಡುಕುವಂತಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ನಿರ್ದೇಶಿಸಿತು. ‘ಇಲ್ಲ’ ಎಂಬುದನ್ನೂ ಖಚಿತವಾಗಿ ತಿಳಿಯುವ ಹಕ್ಕು ನಾಗರಿಕರಿಗಿದೆ ಎಂಬ ತತ್ವವನ್ನು ನಾನು ಇದರಲ್ಲಿ ಕಾಣುತ್ತೇನೆ.

ಯಾವುದೇ ಒಂದು ಕಚೇರಿಯತ್ತ ಬೆರಳು ತೋರುವುದು ನನ್ನ ಉದ್ದೇಶವಲ್ಲ. ಸಾರ್ವಜನಿಕ ತಂತ್ರಾಂಶಗಳ ಟೆಂಡರಿನಲ್ಲಿಯೇ ಕೆಲವು ಷರತ್ತುಗಳು ಸೇರಲಿ. ಒಟ್ಟು ಫಲಿತಾಂಶಗಳೆಷ್ಟು, ಯಾವ ಕ್ರಮದಲ್ಲಿವೆ, ಯಾವ ದಿನಾಂಕದವರೆಗಿನವು ಎಂಬುದು ಪ್ರತಿ ಪುಟದಲ್ಲೂ ಇರಲಿ. ಕನ್ನಡದ ಪಟ್ಟಿ ಕನ್ನಡದ ಅಕಾರಾದಿಯಲ್ಲಿರಲಿ. ದಾಖಲೆ ಸಿಗದಿದ್ದಾಗ ‘ಈ ದಿನ ಹೀಗೆ ಹುಡುಕಲಾಯಿತು, ಇಲ್ಲ’ ಎಂಬ ಮುದ್ರಿತ ಉತ್ತರ ದೊರೆಯಲಿ. ಅದನ್ನು ಹಿಡಿದು ನಾಗರಿಕರು ಮರುದಿನವೇ ಸಂಬಂಧಿಸಿದ ಕಚೇರಿಯ ಮುಂದೆ ನಿಂತು ಅರ್ಜಿ ಸಲ್ಲಿಸಬಹುದು. ಇವ್ಯಾವುವೂ ದುಬಾರಿ ಬೇಡಿಕೆಗಳಲ್ಲ.