ತಿಂಗಳ ಕೊನೆಯ ವಾರ



ನಮ್ಮ ಪಕ್ಕದ ಮನೆಯಲ್ಲಿ ಹೊಸದಾಗಿ ಸಂಸಾರ ಹೂಡಿರುವ ಹುಡುಗಿ ಹೋದ ತಿಂಗಳು ಬಂದು, "ಅಕ್ಕಾ, ಇನ್ನೂ 22ನೇ ತಾರೀಖು. ಬೇಳೆ ಡಬ್ಬ ಆಗಲೇ ತಳ ಕಾಣ್ತಾ ಇದೆ, ಏನು ಮಾಡ್ಲಿ?" ಎಂದಳು.

"ರಾತ್ರಿ ನೀನೇನು ಉಂಡೆ?" ಎಂದೆ. ತಲೆ ತಗ್ಗಿಸಿದಳು. ಅತ್ತೆ, ಮಾವ, ಗಂಡನಿಗೆ ಬಡಿಸಿ, ತಾನು ಮಜ್ಜಿಗೆ ಕುಡಿದು ಮಲಗಿದ್ದಳಂತೆ. ನಮ್ಮಲ್ಲಿ ಬಹಳ ಹೆಂಗಸರ ಉಳಿತಾಯ ಹೀಗೇ ನಡೆಯುತ್ತದೆ. ಇಂಥ ಉಳಿತಾಯ ಬೇಡಿ.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಸಾಮಾನು ತಂದ ದಿನವೇ ಬೇಳೆ, ಎಣ್ಣೆಗಳನ್ನು ಪಾಲು ಮಾಡಿಡಿ. ವಾರಕ್ಕೊಂದರಂತೆ ನಾಲ್ಕು, ಮಿಕ್ಕ ಎರಡು ಮೂರು ದಿನಕ್ಕೆ ಒಂದು ಚಿಕ್ಕದು. ಈ ವಾರದ್ದು ಮುಗಿದರೆ ಮುಂದಿನ ವಾರದ್ದಕ್ಕೆ ಕೈ ಹಾಕಬಾರದು. ತೊಗರಿಬೇಳೆ ವಾರಕ್ಕೆ ಮೂರೇ ದಿನ ಸಾಕು. ಒಂದು ದಿನ ಮೊಳಕೆ ಹೆಸರುಕಾಳಿನ ಹುಳಿ, ಒಂದು ದಿನ ಮಜ್ಜಿಗೆಹುಳಿ, ಎರಡು ದಿನ ಬಸ್ಸಾರು. ಇಡ್ಲಿ ಹಿಟ್ಟು ಒಮ್ಮೆ ರುಬ್ಬಿದರೆ ಮೊದಲ ದಿನ ಇಡ್ಲಿ, ಮರುದಿನ ದೋಸೆ, ಹುಳಿ ಹೆಚ್ಚಿದ ಮೇಲೆ ಈರುಳ್ಳಿ ಹೆಚ್ಚಿ ಹಾಕಿ ಗುಂಡುಪಂಗಳ.

ಹುರುಳಿಕಾಳಿನ ಬಸ್ಸಾರು (ನಾಲ್ವರಿಗೆ)

ಹುರುಳಿಕಾಳು 1 ಲೋಟ, ನುಗ್ಗೆಸೊಪ್ಪು ಅಥವಾ ದಂಟಿನಸೊಪ್ಪು 2 ಹಿಡಿ, ಈರುಳ್ಳಿ 1, ಬೆಳ್ಳುಳ್ಳಿ 6 ಎಸಳು, ಸಾರಿನ ಪುಡಿ 2 ಚಮಚ, ಕಾಯಿತುರಿ 2 ಚಮಚ, ಚೂರು ಹುಣಿಸೆಹಣ್ಣು, ಉಪ್ಪು.

ರಾತ್ರಿ ನೆನೆಸಿದ ಕಾಳನ್ನು 6 ಲೋಟ ನೀರಿನಲ್ಲಿ ಬೇಯಿಸಿ. ಮೆತ್ತಗಾದಾಗ ಸೊಪ್ಪು, ಉಪ್ಪು ಹಾಕಿ, ಸೊಪ್ಪು ಬೆಂದೊಡನೆ ಕಟ್ಟನ್ನು ಬಸಿಯಿರಿ. ಈರುಳ್ಳಿ, ಬೆಳ್ಳುಳ್ಳಿ ಹುರಿದು, ಉಳಿದ ಮಸಾಲೆ ಮತ್ತು ಒಂದು ಹಿಡಿ ಬೆಂದ ಕಾಳಿನ ಜೊತೆ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಿ. ಮಿಕ್ಕ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಒಲೆ ಉರಿಯಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಬಿಸಿ ಮುದ್ದೆಗೆ ಬಲು ರುಚಿ.

ಪಲ್ಯಕ್ಕೆ ನಿಂಬೆ ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಹಿಂದೆಯೇ ಕಾಫಿ, ಟೀ ಕುಡಿದರೆ ಅದು ಕಡಿಮೆಯಾಗುತ್ತದೆ. ಒಂದು ಗಂಟೆ ತಡೆಯಿರಿ.

ಎಲ್ಲಕ್ಕಿಂತ ಮುಖ್ಯವಾಗಿ, ಅಕ್ಕಿ ಅಳೆಯುವಾಗ ನಿಮ್ಮ ಹಿಡಿಯನ್ನೂ ಸೇರಿಸಿ ಅಳೆಯಿರಿ. ತಟ್ಟೆ ಹಾಕುವಾಗ ನಿಮ್ಮದನ್ನೂ ಹಾಕಿ.

ಈ ತಿಂಗಳು 28ಕ್ಕೆ ಆ ಹುಡುಗಿ ಒಂದು ಬಟ್ಟಲು ಬಸ್ಸಾರು ತಂದುಕೊಟ್ಟಳು. "ನಾನೂ ಅವರ ಜೊತೆಗೇ ಕೂತು ಉಂಡೆ ಅಕ್ಕಾ. ಚಿಕ್ಕ ಡಬ್ಬ ಇನ್ನೂ ಮುಟ್ಟೇ ಇಲ್ಲ" ಎಂದು ನಕ್ಕಳು.